ಸ್ಟೇಪಲ್ ಬಿಚ್ಚಿಯೂ ಡಬ್ಬಿ ಉಳಿಸಿದ್ದು: 1950–55ರ ಅಮೆರಿಕನ್ ಪ್ರೂಫ್ ಸೆಟ್‌ಗಳು, ನನ್ನ ಅನುಭವ

ಪ್ರೂಫ್ ಸೆಟ್ ಅಂದರೆ ಸಂಗ್ರಹಕಾರರಿಗಾಗಿಯೇ ಹೊಳಪಾಗಿ ಅಚ್ಚು ಹಾಕಿದ ಆಯಾ ವರ್ಷದ ಐದು ನಾಣ್ಯಗಳು. ಆಗ ಒಂದೊಂದನ್ನೂ ತೆಳು ಪಾರದರ್ಶಕ ಲಕೋಟೆಗೆ ಹಾಕಿ, ಟಿಶ್ಯೂ ಕಾಗದದ ಜೊತೆ ಪುಟ್ಟ ರಟ್ಟಿನ ಡಬ್ಬಿಯಲ್ಲಿ ಕೊಡುತ್ತಿದ್ದರು. ಈ ಬಾಕ್ಸ್ ಸೆಟ್ ಬಿಚ್ಚಿದರೆ ಅದರ ಕಥೆ ಮುಗಿಯಿತು ಅಂತ ಎಲ್ಲರೂ ಹೇಳುತ್ತಿದ್ದರು. ಒಬ್ಬ ಡೀಲರ್ ಅಂತೂ, ನಾಣ್ಯ ಬೇಕಾದರೆ ಡಬ್ಬಿಯ ಆಸೆ ಬಿಡಿ ಎಂದಿದ್ದರು. ಎರಡೂ ಉಳಿಯುತ್ತವೆ. ಹೋದ ವರ್ಷ ಅದೇ ಡೀಲರ್ ನನ್ನ 1953ರ ಸೆಟ್ ಒಂದನ್ನು ಡಬ್ಬಿ, ಟಿಶ್ಯೂ, ಲಕೋಟೆ ಸಮೇತ ಕೊಂಡರು. ಬರೀ ನಾಣ್ಯಕ್ಕೆ ಹೇಳಿದ್ದಕ್ಕಿಂತ ಐವತ್ತು ಅರವತ್ತು ಡಾಲರ್ ಜಾಸ್ತಿಯೇ ಕೊಟ್ಟರು.

ಈ ಸೆಟ್‌ಗಳಲ್ಲಿ ಕಾಟ ಕೊಡುವುದು ಐದು ಲಕೋಟೆಗಳನ್ನೂ ಸೇರಿಸಿ ಹೊಡೆದಿರುವ ಆ ಒಂದು ಸ್ಟೇಪಲ್. ಅದರ ತುಕ್ಕು ಲಕೋಟೆಗೆ ಇಳಿಯುತ್ತದೆ. ಎಳೆಯುವಾಗ ಸ್ಟೇಪಲ್‌ನ ಕಾಲು ಜಾರಿದರೆ ಹಾಫ್ ಡಾಲರ್ ನಾಣ್ಯದ ಮೇಲೆ, ಅದರಲ್ಲಿರುವ ಬೆಂಜಮಿನ್ ಫ್ರಾಂಕ್ಲಿನ್ ಮುಖದ ಕೆನ್ನೆಗೇ ಗೀರು. ಅಂದು 2.10 ಡಾಲರಿಗೆ ಮಿಂಟ್ (ಅಮೆರಿಕದ ಟಂಕಸಾಲೆ) ಮಾರಿದ ಸೆಟ್‌ಗೆ ಇವತ್ತು ಆ ಒಂದು ಗೀರಿನಿಂದ ಬೆಲೆ ಇಳಿದುಬಿಡುತ್ತದೆ.

ಮೊದಲು ಖಾಲಿ ಡಬ್ಬಿ, ಹಳೇ ಲಕೋಟೆಗಳ ಒಂದು ರಾಶಿಯನ್ನು ಸುಮಾರು ನಲವತ್ತು ಡಾಲರಿಗೆ ತಂದೆ. ಎಲ್ಲ ಪ್ರಯೋಗವೂ ಅದರ ಮೇಲೆ. ಸ್ಟೇಪಲ್ ರಿಮೂವರ್ ಹಾಕಿದರೆ ರಂಧ್ರ ಹರಿದು ಸೀಳಾಯಿತು. ತುಕ್ಕಿಗೆ ಎಣ್ಣೆ ಬಿಟ್ಟರೆ ಕಲೆ ಇನ್ನೂ ಅಗಲವಾಯಿತು. ಇಕ್ಕಳದಿಂದ ತಿರುಚಿದರೆ ಹಳೇ ಲಕೋಟೆ ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಪುಡಿಯಾಯಿತು. ಮುಕ್ಕಾಲು ರಾಶಿ ಹೀಗೇ ಹೋಯಿತು.

ಕೊನೆಗೆ ಗೆದ್ದದ್ದು ಎಳೆಯದೆ ಕತ್ತರಿಸುವ ದಾರಿ. ಸ್ಟೇಪಲ್‌ಗೂ ನಾಣ್ಯಗಳಿಗೂ ನಡುವೆ, ಲಕೋಟೆಗಳ ಎರಡೂ ಬದಿಗೆ ಮೈಲಾರ್ (ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಪಟ್ಟಿ ಇಡಬೇಕು. ಹಿಂದೆ ಮಡಚಿದ ಕಾಲುಗಳನ್ನು ಬಿಚ್ಚಲು ಹೋಗಬಾರದು. ಮುಂದಿನ ಅಡ್ಡ ತಂತಿಯನ್ನು ಫ್ಲಶ್ ಕಟರ್ ಎಂಬ ಸಣ್ಣ ತಂತಿ ಕತ್ತರಿಯಿಂದ ಸರಿಯಾಗಿ ನಡುವೆ ಕತ್ತರಿಸಿ, ಎರಡೂ ತುಂಡುಗಳ ತುದಿಯನ್ನು ನೆಟ್ಟಗೆ ಮಾಡಿ, ಒಂದೊಂದನ್ನೇ ಹಿಂದಿನಿಂದ ಹೊರಗೆ ತೆಗೆದರೆ ರಂಧ್ರ ಇದ್ದ ಹಾಗೇ ಇರುತ್ತದೆ. ಗಟ್ಟಿಯಾದ ಲಕೋಟೆಯನ್ನು ಮೆತ್ತಗೆ ಮಾಡಲು ನನ್ನದೇ ಒಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಾಣ್ಯದ ಮೇಲಿನ ಮಂಜಿಗೆ ಶುದ್ಧ ಅಸಿಟೋನ್, ಗಾಜಿನ ಪಾತ್ರೆಯಲ್ಲಿ. ಉಜ್ಜುವ ಹಾಗಿಲ್ಲ. ಹೊಸ ಅಸಿಟೋನ್‌ನಲ್ಲಿ ಮತ್ತೊಮ್ಮೆ ಅದ್ದಿ ಗಾಳಿಗೆ ಬಿಡುವುದು, ಅಷ್ಟೇ. ಟೋನಿಂಗ್, ಅಂದರೆ ಕಾಲಕ್ರಮೇಣ ನಾಣ್ಯದ ಮೇಲೆ ಬಂದ ಬಣ್ಣ, ಇದರಿಂದ ಹೋಗಲ್ಲ, ಹೋಗಲೂಬಾರದು. ಡಿಪ್ ಎಂಬ ರಾಸಾಯನಿಕ ದ್ರಾವಣದಲ್ಲಿ ಅದ್ದಿ ಹೊಳೆಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆಮೇಲೆ ನಾಣ್ಯ ಪಾರದರ್ಶಕ ಪ್ಲಾಸ್ಟಿಕ್ ಕ್ಯಾಪ್ಸೂಲ್‌ಗೆ. ಲಕೋಟೆ, ಟಿಶ್ಯೂ, ಸ್ಟೇಪಲ್ ತುಂಡು ಕೂಡ, ಬೇರೆ ಮೈಲಾರ್ ಚೀಲದಲ್ಲಿ ಡಬ್ಬಿಯೊಳಗೆ. ಕ್ಯಾಪ್ಸೂಲ್‌ಗಳು ಡಬ್ಬಿಯ ಪಕ್ಕದಲ್ಲಿ ಇರುತ್ತವೆ, ಒಳಗಲ್ಲ.

ಪಕ್ಕದಲ್ಲಿ ಯಾಕೆ? ಉಜ್ಜಿ ಹೊಳೆಸಿದ ಬೆಳ್ಳಿ ಚೂರುಗಳನ್ನು ಮುಚ್ಚಿದ ಗಾಜಿನ ಬಾಟಲಿಗಳಲ್ಲಿ ಇಟ್ಟು ನೋಡಿದ್ದೆ. ಒಂದರಲ್ಲಿ ಡಬ್ಬಿಯ ರಟ್ಟು, ಒಂದರಲ್ಲಿ ಟಿಶ್ಯೂ, ಒಂದು ಖಾಲಿ. ಕೆಲವು ತಿಂಗಳಲ್ಲಿ ರಟ್ಟಿನ ಜೊತೆಗಿದ್ದ ಚೂರು ಅಂಚಿನಿಂದ ಹಳದಿಗೆ ತಿರುಗಿತು. ಟಿಶ್ಯೂ ಜೊತೆಗಿದ್ದದ್ದು ಸ್ವಲ್ಪ ಮಂಕಾಯಿತು. ಖಾಲಿ ಬಾಟಲಿಯದು ಹಾಗೇ ಇತ್ತು. ನನಗೆ ಅಷ್ಟು ಸಾಕಾಯಿತು.

1955ರ ನಡುವೆ ಬಂದ ಫ್ಲಾಟ್ ಪ್ಯಾಕ್‌ಗಳ ಮಾತು ಬೇರೆ. ಅವುಗಳಲ್ಲಿ ನಾಣ್ಯಗಳನ್ನು ಪ್ಲಯೋಫಿಲ್ಮ್ ಎಂಬ ಪಾರದರ್ಶಕ ಹಾಳೆಯೊಳಗೆ ಸೀಲ್ ಮಾಡಿರುತ್ತಾರೆ, ಕತ್ತರಿಸದೆ ನಾಣ್ಯ ಬರುವುದಿಲ್ಲ. ಹಾಗಾಗಿ ಅದನ್ನು ಹೊರಗಿನ ಕಂದು ಲಕೋಟೆಯಿಂದ ತೆಗೆದು ಮೈಲಾರ್‌ಗೆ ಹಾಕುತ್ತೇನೆ, ಲಕೋಟೆಯನ್ನೂ ರಟ್ಟುಗಳನ್ನೂ ಜೋಪಾನವಾಗಿ ಬೇರೆ ಇಡುತ್ತೇನೆ. ಒಂದು ಸೆಟ್‌ನಲ್ಲಿ ಸುಮಾರು 0.6 ಔನ್ಸ್ ಬೆಳ್ಳಿ ಇದೆ. ಬೆಳ್ಳಿ ಏರಿದಾಗಲೆಲ್ಲ 1960ರ ದಶಕದ ಮೊದಲ ವರ್ಷಗಳ ಸೆಟ್‌ಗಳನ್ನು ಕರಗಿಸಲು ಹರಿದು ಹಾಕುತ್ತಾರೆ, ಲಕೋಟೆ ಕಸಕ್ಕೆ ಹೋಗುತ್ತದೆ. ಅಂಥ ಸಮಯದಲ್ಲಿ ಒಳ್ಳೆಯ ಲಕೋಟೆ ಕಂಡರೆ ನಾನು ಒಂದೆರಡು ಡಾಲರ್ ಕೊಟ್ಟು ಎತ್ತಿಕೊಳ್ಳುತ್ತೇನೆ.