ಎರಡು ಲೈನ್‌ಗಳ ನಡುವೆ ದೀಪ ಬದಲಿಸುವವರಿಗೆ

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಸಮಯದಲ್ಲಿ ಕರೆಂಟ್ ಹೋದರೆ ಕತ್ತಲಲ್ಲಿ ಯಂತ್ರದ ಬಳಿ ನಿಲ್ಲುವುದು ಅಪಾಯ. ಎರಡು ವಿದ್ಯುತ್ ಲೈನ್ ಇರುವವರು ದೀಪಗಳನ್ನು ಮಾತ್ರ ಪ್ರತ್ಯೇಕ ಬೋರ್ಡಿಗೆ ತಂದು, ಒಂದು ಲೈನ್ ಹೋದರೆ ಇನ್ನೊಂದಕ್ಕೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಮೋಟಾರನ್ನು ಅದಕ್ಕೆ ಸೇರಿಸಬೇಡಿ. ಇನ್ನೂ ತಿರುಗುತ್ತಿರುವ ಮೋಟಾರಿಗೆ ಫೇಸ್ ಹೊಂದದ ಲೈನ್ ಥಟ್ಟನೆ ಸಿಕ್ಕರೆ ಭಾರೀ ಕರೆಂಟ್ ಎಳೆಯುತ್ತದೆ, ಶಾಫ್ಟಿಗೂ ಪೆಟ್ಟು.

ಎಲ್‌ಇಡಿಗೆ ಎರಡು ಕಾಂಟ್ಯಾಕ್ಟರ್‌ಗಳ (ಕಾಯಿಲ್‌ನ ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್) ಆಟೋಮ್ಯಾಟಿಕ್ ಪೆಟ್ಟಿಗೆ ಧಾರಾಳವಾಯಿತು. ಬೆಳಕು ಒಮ್ಮೆ ಮಿಣುಕಿ ಬರುತ್ತದೆ, ಅಷ್ಟೆ. ಕಣದಲ್ಲಿ ಹಳೆಯ ಮೆಟಲ್ ಹಾಲೈಡ್ ದೀಪಗಳಿದ್ದರೆ ಕಥೆಯೇ ಬೇರೆ. 50 ಹರ್ಟ್ಸ್‌ನಲ್ಲಿ ಒಂದು ಸೈಕಲ್ಲಿಗೆ 20 ಮಿಲಿಸೆಕೆಂಡ್. ಕೆಲವೇ ಸೈಕಲ್ ತಪ್ಪಿದರೂ ಅವು ಆರಿ, ತಣಿದು ಮತ್ತೆ ಹೊತ್ತಲು ಹಲವು ನಿಮಿಷ ಬೇಕು. ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಸೈಕಲ್ಲಿನ ಕಾಲು ಭಾಗದಲ್ಲೇ ಬದಲಿಸಬಲ್ಲದು, ಆದರೆ ಆ ದುಡ್ಡಿಗೆ ದೀಪಗಳನ್ನೇ ಎಲ್‌ಇಡಿಗೆ ಬದಲಿಸುವುದು ಜಾಣತನ.

ಎರಡು ಕಾಂಟ್ಯಾಕ್ಟರ್‌ಗಳ ನಡುವೆ ಎರಡೂ ಒಟ್ಟಿಗೆ ಆನ್ ಆಗದಂತೆ ತಡೆಯುವ ಮೆಕ್ಯಾನಿಕಲ್ ಇಂಟರ್‌ಲಾಕ್ ಇರಲೇಬೇಕು. ವೈರಿಂಗ್ ಇಂಟರ್‌ಲಾಕ್ ಒಂದನ್ನೇ ನಂಬಬೇಡಿ. ನ್ಯೂಟ್ರಲ್ ಕೂಡ ಬದಲಾಗಬೇಕು: ಸಿಂಗಲ್ ಫೇಸ್‌ಗೆ ಎರಡು ಪೋಲ್‌ನ (ಎರಡು ತಂತಿ ಒಟ್ಟಿಗೆ ಬದಲಿಸುವ) ಸ್ವಿಚ್, ತ್ರೀ ಫೇಸ್‌ಗೆ ನಾಲ್ಕು ಪೋಲ್‌ನದು. ಎರಡರ ನ್ಯೂಟ್ರಲ್ ಕೂಡಿಸಿಟ್ಟರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಬೇರೆ ಬೇರೆ ಮೀಟರಿನ ಲೈನ್‌ಗಳಾದರೆ ವಿದ್ಯುತ್ ಕಂಪನಿಯ ಒಪ್ಪಿಗೆ ಪಡೆದು, ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಬಂದು ಹೋಗಿ ಆಡುವುದು ಗೊತ್ತೇ ಇದೆ. ಮೊದಲ ಲೈನಿಗೆ ಮರಳುವ ಟೈಮರನ್ನು ಐದು ನಿಮಿಷಕ್ಕಾದರೂ ಇಡಿ.