ಜೊತೆಗೂಡಿ ಹಾಡಿ ಕೇಳುಗರನ್ನು ಹೆಚ್ಚಿಸಿಕೊಳ್ಳುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದಂತಹ ಊರುಗಳಲ್ಲಿದ್ದುಕೊಂಡು ಸ್ವಂತ ಹಾಡು ಮಾಡುವವರಿಗೆ ಅದನ್ನು ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್‌ಗೆ ಏರಿಸುವುದು ಈಗ ಕಷ್ಟವಲ್ಲ. ಗೆಳೆಯರು, ಬಂಧುಗಳು ಕೇಳಿ ಮುಗಿಸಿದ ಮೇಲೆ ಕೇಳುವವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ಇನ್ನೊಬ್ಬ ಕಲಾವಿದರ ಜೊತೆ ಸೇರಿ ಹಾಡು ಮಾಡುವುದು ಇದಕ್ಕೆ ಖರ್ಚು ಕಡಿಮೆಯ ದಾರಿ. ಆದರೆ ಹಾಡು ಚೆನ್ನಾಗಿದ್ದರಷ್ಟೇ ಸಾಲದು. ಯಾರನ್ನು ಆರಿಸಿಕೊಳ್ಳುತ್ತೀರಿ, ಅವರ ಹೆಸರನ್ನು ಎಲ್ಲಿ ನಮೂದಿಸುತ್ತೀರಿ ಎಂಬುದರ ಮೇಲೆ ಹೆಚ್ಚಿನದು ನಿಂತಿದೆ.

ಜೊತೆಗಾರರನ್ನು ಹುಡುಕುವಾಗ ಫಾಲೋವರ್‌ಗಳ ಸಂಖ್ಯೆ ನೋಡುವುದು ರೂಢಿ. ನನ್ನ ಪ್ರಕಾರ ಅದು ಸರಿಯಾದ ಅಳತೆಯಲ್ಲ. ಅವರ ಕೇಳುಗರು ನಿಮ್ಮ ಎರಡನೇ ಹಾಡನ್ನೂ ಕೇಳುವಂಥವರೇ ಎಂಬುದು ಮುಖ್ಯ. ‘ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್’ ಎಂಬ ಉಚಿತ ಖಾತೆಯಲ್ಲಿ ಕೇಳುಗರು ಯಾವ ನಗರಗಳವರು, ಎಷ್ಟು ಮಂದಿ ಹಾಡನ್ನು ಸೇವ್ ಮಾಡಿಕೊಂಡಿದ್ದಾರೆ ಎಂಬ ವಿವರಗಳು ಸಿಗುತ್ತವೆ. ಇಬ್ಬರೂ ಆ ಪುಟಗಳನ್ನು ಎದುರುಬದುರು ಇಟ್ಟುಕೊಂಡು ನೋಡಬೇಕು. ಇಬ್ಬರನ್ನೂ ಕೇಳುವವರು ಒಂದೇ ಕಾಲೇಜಿನ ಹುಡುಗರಾಗಿದ್ದರೆ ಲಾಭವಿಲ್ಲ.

ನಮ್ಮ ಸೀಮೆಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವಾಗಿದ್ದು, ಅಲ್ಲಿನ ಜಾತ್ರೆಗೆ ಹೊರರಾಜ್ಯಗಳ ಬಂಜಾರರೂ ಬರುತ್ತಾರೆ. ಲಂಬಾಣಿ ಮಾತನಾಡುವವರು ತೆಲಂಗಾಣ, ಆಂಧ್ರ, ಮಹಾರಾಷ್ಟ್ರಗಳಲ್ಲೂ ಇರುವುದರಿಂದ, ಪಲ್ಲವಿಯನ್ನು ತಾಂಡಾದ ಗಾಯಕಿ ಲಂಬಾಣಿಯಲ್ಲಿ, ಚರಣಗಳನ್ನು ದಾವಣಗೆರೆಯ ರ‍್ಯಾಪರ್ ಕನ್ನಡದಲ್ಲಿ ಹಾಡಿದ ಒಂದು ಹಾಡಿಗೆ ಗಡಿಯಾಚೆಯ ಕೇಳುಗರು ಸಿಗುವ ಸಾಧ್ಯತೆ ಇರುತ್ತದೆ. ಚಿತ್ರದುರ್ಗದ ಕಡೆಯ ಉರುಮೆ ಎಂಬ ಚರ್ಮವಾದ್ಯ, ಜುಂಜಪ್ಪ ದೇವರ ಪದಗಳಿಗೆ ಕಾಡುಗೊಲ್ಲರು ನುಡಿಸುವ ಗಣೆ ಎಂಬ ಉದ್ದನೆಯ ಕೊಳಲು ಇವುಗಳ ನಾದ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ.

ಜನಪದ ಕಲಾವಿದರ ಜೊತೆ ಕೆಲಸ ಮಾಡುವವರು ಮೊದಲು ಟ್ರ್ಯಾಕ್ ಸಿದ್ಧಪಡಿಸಿ ನಂತರ ಅವರನ್ನು ಕರೆಸುವುದು ಬೇಡ. ಅವರಿಗೆ ಒಗ್ಗುವ ಶ್ರುತಿ ಯಾವುದೆಂದು ಕೇಳಿ, ತಂಬೂರಿಯ ಶ್ರುತಿಯಷ್ಟನ್ನೇ ಕಿವಿಗೆ ಕೊಟ್ಟು, ಲಯ ಹಿಡಿಸಲು ಕಿವಿಗೆ ಕೊಡುವ ಟಕ್ ಟಕ್ ಸದ್ದು (ಕ್ಲಿಕ್) ಇಲ್ಲದೆ ಪೂರ್ತಿ ಹಾಡಿಸಿ ರೆಕಾರ್ಡ್ ಮಾಡಿಕೊಳ್ಳಬೇಕು. ಸೊಲ್ಲು ಹೋದಂತೆ ಲಯ ಏರುವುದು ಈ ಹಾಡಿಕೆಯ ಸ್ವಭಾವ. ಗಣಕದಲ್ಲಿ ಲಯವನ್ನು ಅವರ ಹಾಡಿಗೆ ಹೊಂದಿಸಬಹುದೇ ಹೊರತು ಅವರನ್ನು ಗಣಕದ ಲಯಕ್ಕೆ ಕಟ್ಟಿಹಾಕಿದರೆ ಹಾಡು ಸತ್ತಂತೆಯೇ. ಇಬ್ಬರೂ ಬೇರೆ ಊರುಗಳಲ್ಲಿದ್ದರೆ 24 ಬಿಟ್‌ನ ವೇವ್ ಫೈಲ್‌ಗಳನ್ನು, ಎಲ್ಲವೂ ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗುವಂತೆ ಉಳಿಸಿ, ಡ್ರೈವ್ ಮೂಲಕ ಕಳುಹಿಸಬೇಕು. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ರಾಗ ತಿಳಿಸುವುದಕ್ಕಷ್ಟೇ ಸಾಕು.

ಬಿಡುಗಡೆಗೆ ಮುನ್ನವೇ ಒಪ್ಪಂದವನ್ನು ಬರೆದು ಸಹಿ ಮಾಡಿಕೊಳ್ಳುವುದು ಸಂಕೋಚದ ವಿಷಯವೆಂದು ಅನೇಕರು ಬಿಟ್ಟುಬಿಡುತ್ತಾರೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತ ಎಂದೂ ಪರಿಗಣಿಸಲಾಗುತ್ತದೆ. ಆ್ಯಪ್‌ಗಳು ಜಗತ್ತಿನಾದ್ಯಂತ ಹಾಡನ್ನು ಕೇಳಿಸುವುದರಿಂದ ಈ ಎರಡು ಸಾಲುಗಳನ್ನು ಮರೆಯಬಾರದು. 2012ರ ತಿದ್ದುಪಡಿಯ ನಂತರ ಸಾಹಿತ್ಯ, ಸಂಗೀತ ರಚಿಸಿದವರ ರಾಯಧನದ ಪಾಲನ್ನು ‘ಬೇಡವೆಂದು ಬರೆದುಕೊಟ್ಟಿದ್ದಾರೆ’ ಎಂದು ಹೇಳಿ ಕಿತ್ತುಕೊಳ್ಳಲು ಬರುವುದಿಲ್ಲ. 12ನೇ ಶತಮಾನದ ವಚನಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಇತ್ತೀಚಿನವರು ಹಾಕಿದ ರಾಗಕ್ಕೆ, ರೆಕಾರ್ಡಿಂಗಿಗೆ ಬೇರೆ ಒಡೆಯರಿರುತ್ತಾರೆ.

ಇನ್ನು ಹೆಸರಿನ ವಿಷಯ. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಣಾ ಸಂಸ್ಥೆಯ ಅರ್ಜಿಯಲ್ಲಿ ಇಬ್ಬರನ್ನೂ ‘ಮುಖ್ಯ ಕಲಾವಿದರು’ ಎಂದು ನಮೂದಿಸಿದರೆ ಹಾಡು ಇಬ್ಬರ ಪುಟದಲ್ಲೂ ಸ್ವಂತ ಹಾಡಿನಂತೆ ಕಾಣಿಸಿಕೊಳ್ಳುತ್ತದೆ. ಒಬ್ಬರನ್ನು ‘ಫೀಚರ್ಡ್’ (ಅತಿಥಿ ಕಲಾವಿದರು) ಎಂದು ಹಾಕಿದರೆ ಸ್ಪಾಟಿಫೈನಲ್ಲಿ ಅದು ಆ ಕಲಾವಿದರ ಪುಟದ ಕೆಳಗಿನ ಸಾಲಿಗೆ ಹೋಗುತ್ತದೆ. ಹೆಸರಿನ ಇಂಗ್ಲಿಷ್ ಕಾಗುಣಿತವೂ ಒಂದೇ ಇರಬೇಕು. ನಾಯಕನಹಟ್ಟಿ ಸೀಮೆಯಲ್ಲಿ ತಿಪ್ಪೇಸ್ವಾಮಿಗಳಿಗೆ ಬರವಿಲ್ಲ, ಅದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಆದ್ದರಿಂದ ಹೆಸರಿನ ಜೊತೆಗೆ ಕಲಾವಿದರ ಪುಟದ ಲಿಂಕನ್ನೂ ಕೊಡಬೇಕು. ಇಲ್ಲದಿದ್ದರೆ ಹಾಡು ಇನ್ನಾರದೋ ಪುಟ ಸೇರುತ್ತದೆ.

ಹಾಡನ್ನು ಬಿಡುಗಡೆಗೆ ಮೂರ್ನಾಲ್ಕು ವಾರ ಮೊದಲೇ ವಿತರಕರಿಗೆ ಒಪ್ಪಿಸುವುದು ಒಳ್ಳೆಯದು. ಹಾಡುಗಳ ಪಟ್ಟಿ ಸಿದ್ಧಪಡಿಸುವ ಸ್ಪಾಟಿಫೈನ ಸಂಪಾದಕರಿಗೆ ಹಾಡನ್ನು ಸೂಚಿಸುವ ಅವಕಾಶ ಮುಖ್ಯ ಕಲಾವಿದರಿಗೆ ಮಾತ್ರ ಇದ್ದು, ಕನಿಷ್ಠ 7 ದಿನ ಮುಂಚೆ ಸೂಚಿಸಿದರೆ ಅದು ಫಾಲೋವರ್‌ಗಳಿಗೆ ಹೊಸ ಹಾಡುಗಳನ್ನು ತೋರಿಸುವ ‘ರಿಲೀಸ್ ರಾಡಾರ್’ ಪಟ್ಟಿಗೆ ಸೇರುತ್ತದೆ. ಆ ಪಟ್ಟಿ ಶುಕ್ರವಾರ ಹೊಸದಾಗುವುದರಿಂದ ಬಿಡುಗಡೆಯನ್ನೂ ಅದಕ್ಕೆ ಹೊಂದಿಸಿಕೊಳ್ಳಬಹುದು. ಇನ್‌ಸ್ಟಾಗ್ರಾಂನಲ್ಲಿ ಇಬ್ಬರೂ ಬೇರೆಬೇರೆ ರೀಲ್ ಹಾಕುವ ಬದಲು ‘ಕೊಲಾಬ್’ ಆಯ್ಕೆಯಲ್ಲಿ ಒಂದನ್ನೇ ಹಾಕಿದರೆ ಅದು ಇಬ್ಬರ ಪುಟದಲ್ಲೂ ಇರುತ್ತದೆ.

ಹಣ ಕೊಟ್ಟು ಸ್ಟ್ರೀಮ್ ಹೆಚ್ಚಿಸಿಕೊಡುತ್ತೇವೆ ಎನ್ನುವವರ ಹತ್ತಿರವೂ ಹೋಗಬಾರದು. ಕೃತಕ ಸ್ಟ್ರೀಮ್ ಪತ್ತೆಯಾದರೆ ಲೆಕ್ಕದಿಂದ ತೆಗೆಯುತ್ತಾರೆ, ಹಾಡನ್ನೇ ಕಿತ್ತುಹಾಕುವುದೂ ಉಂಟು. 30 ಸೆಕೆಂಡ್ ಕೇಳಿದರೆ ಮಾತ್ರ ಸ್ಪಾಟಿಫೈ ಒಂದು ಸ್ಟ್ರೀಮ್ ಎಂದು ಎಣಿಸುತ್ತದೆ, ಮತ್ತು 2024ರಿಂದ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ಅದು ರಾಯಧನ ಲೆಕ್ಕ ಹಾಕುವುದಿಲ್ಲ. ಹಾಗಾಗಿ ಜೊತೆಗೆ ಹಾಡಿದವರಿಗೆ ರಾಯಧನದ ಪಾಲಿನ ಭರವಸೆಯೊಂದನ್ನೇ ಕೊಡದೆ, ರೆಕಾರ್ಡಿಂಗ್ ದಿನವೇ ಒಂದು ಸಂಭಾವನೆಯನ್ನು ಕೈಗಿಡುವುದು ನ್ಯಾಯ.

‘ಮಾಸಿಕ ಕೇಳುಗರು’ ಎಂಬ ಅಂಕಿ 28 ದಿನಗಳ ಲೆಕ್ಕವಾದ್ದರಿಂದ ಹಾಡು ಬಂದಾಗ ಏರಿ ಆಮೇಲೆ ಇಳಿಯುತ್ತದೆ. ನೋಡಬೇಕಾದದ್ದು ಹೊಸ ಫಾಲೋವರ್ ಮತ್ತು ಸೇವ್‌ಗಳ ಸಂಖ್ಯೆಯನ್ನು. ಅವು ಏರಿದ್ದರೆ ಕೇಳುಗರ ನೆನಪು ಮಾಸುವ ಮುನ್ನ ಬಿಡಲು ನಿಮ್ಮದೇ ಒಂದು ಹಾಡು ಮೊದಲೇ ಸಿದ್ಧವಿರಬೇಕು. ಏರದಿದ್ದರೆ ಅದೇ ಜೊತೆಗಾರರ ಜೊತೆ ಮತ್ತೊಂದು ಹಾಡಿಗೆ ಖರ್ಚು ಮಾಡುವ ಮುನ್ನ, ನಗರಗಳ ಪಟ್ಟಿಯಲ್ಲಿ ಹೊಸ ಊರು ಯಾವುದಾದರೂ ಬಂದಿದೆಯೇ ಎಂದು ನೋಡಿಕೊಳ್ಳಿ.