ಕಾಮನ್ ಮ್ಯಾನ್‌ಗೆ ಹಸಿರು ಕೋಟು

ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಕಾರ್ಟೂನಿನ ಕಾಮನ್ ಮ್ಯಾನ್ ಹಾಕುತ್ತಿದ್ದ ಚೌಕಳಿ ಕೋಟಿನ ಬಣ್ಣ ಯಾವುದು ಹೇಳಿ? ತಲೆ ಕೆರೆದುಕೊಳ್ಳಬೇಡಿ. ಬೆಳಗಿನ ಪೇಪರಿನಲ್ಲಿ ಅವನು ಬರುತ್ತಿದ್ದದ್ದೇ ಕಪ್ಪು ಗೆರೆಯಲ್ಲಿ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಲಕ್ಷ್ಮಣ್, 1951ರಿಂದ ದಶಕಗಳ ಕಾಲ ಮುಂಬೈನಲ್ಲಿ ಕೂತು ಅವನನ್ನು ಬರೆದರು. ಅಷ್ಟು ವರ್ಷದಲ್ಲಿ ಅವನು ಬಾಯಿ ಬಿಟ್ಟವನಲ್ಲ. ಈಗ ನೀವು ಅವನ ಕೋಟಿಗೆ ಪಾಚಿ ಹಸಿರು ಬಳಿದರೂ ಏನೂ ಅನ್ನುವುದಿಲ್ಲ.

ವಾಟರ್ ಕಲರ್ ಕಲಿಯೋಕೆ ಇವನಿಗಿಂತ ಒಳ್ಳೆ ಗಿರಾಕಿ ಇಲ್ಲ. ಬದನೆಕಾಯಿ ಮೂಗು, ದುಂಡು ಕನ್ನಡಕ, ಬ್ರಷ್ಷಿನಂಥ ಮೀಸೆ, ಕಿವಿ ಮೇಲೆ ಎರಡು ಬಿಳಿ ಕೂದಲ ಕುಚ್ಚು, ಕೋಟು, ಪಂಚೆ. ಮುಖ ಕೆಟ್ಟರೂ ಮೂಗು ಮತ್ತು ಕೋಟು ಗುರುತು ಹಿಡಿಸುತ್ತವೆ.

300 ರೂಪಾಯಿ ಸಾಮಾನು

ಶಾಲೆ ಮಕ್ಕಳ 12 ಬಣ್ಣದ ಕೇಕ್ ಡಬ್ಬಿ ಸಾಕು. ದುಂಡು ಬ್ರಷ್ ಎರಡು, 2 ಮತ್ತು 6ನೇ ನಂಬರಿನವು. ಬಣ್ಣ ಕಲಸೋಕೆ ಬಿಳಿ ಪಿಂಗಾಣಿ ತಟ್ಟೆ. ಸ್ಟೀಲ್ ತಟ್ಟೆ ಬೇಡ, ಅದರಲ್ಲಿ ಬಣ್ಣದ ನಿಜ ಮುಖ ಕಾಣುವುದಿಲ್ಲ. ನೀರಿಗೆ ಎರಡು ಲೋಟ, ಒಂದು ಬ್ರಷ್ ತೊಳೆಯೋಕೆ, ಇನ್ನೊಂದು ಬರೀ ಶುದ್ಧ ನೀರಿಗೆ. ಜೊತೆಗೆ ಒಂದು ಹಳೇ ಬನಿಯನ್. ಬ್ರಷ್ಷಿನ ಜಾಸ್ತಿ ನೀರು ಹೀರೋಕೆ ಅದರಷ್ಟು ಒಳ್ಳೆ ಬಟ್ಟೆ ಇನ್ನೊಂದಿಲ್ಲ.

ಉಳಿದ ದುಡ್ಡೆಲ್ಲ ಕಾಗದಕ್ಕೆ ಹಾಕಿ. ಅಗ್ಗದ ಬಣ್ಣವನ್ನು ಒಳ್ಳೆ ಕಾಗದ ಕಾಪಾಡುತ್ತದೆ. ದುಬಾರಿ ಬಣ್ಣಕ್ಕೆ ಕೆಟ್ಟ ಕಾಗದ ಆ ಉಪಕಾರ ಮಾಡುವುದಿಲ್ಲ. ಪ್ಯಾಕೆಟ್ ಮೇಲೆ ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಅಂತ ಬರೆದಿರುತ್ತಾರೆ, 200ಕ್ಕಿಂತ ಕಡಿಮೆ ಇದ್ದರೆ ಬಿಡಿ. 300 ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಚಿತ್ರ. ತುಂಡನ್ನು ಪರೀಕ್ಷೆ ಬರೆಯುವ ಪ್ಯಾಡಿನ ಮೇಲಿಟ್ಟು ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಟೇಪನ್ನು ಮೊದಲು ನಿಮ್ಮ ಪ್ಯಾಂಟಿಗೆ ಒಂದು ಸಲ ಅಂಟಿಸಿ ಕಿತ್ತುಬಿಡಿ. ಅಂಟು ಸ್ವಲ್ಪ ಕಡಿಮೆಯಾಗುತ್ತದೆ, ಆಮೇಲೆ ಕಾಗದ ಹರಿಯುವುದಿಲ್ಲ.

ಮೊದಲು ಗೆರೆ

ಏನು ಬರೆಯೋಣ? ನನ್ನ ಇಷ್ಟದ ಚಿತ್ರ ಇದು: ರಸ್ತೆ ಗುಂಡಿ ತುಂಬ ಮಳೆ ನೀರು. ದಡದಲ್ಲಿ ಕಾಮನ್ ಮ್ಯಾನ್ ಗಾಳ ಹಿಡಿದು ಕೂತಿದ್ದಾನೆ. ಮಡಿಸಿದ ಕೊಡೆ ಪಕ್ಕದಲ್ಲಿ ನೆಟ್ಟಿದೆ, ಅದರ ಹಿಡಿ ಮೇಲೆ ಒಂದು ಕಾಗೆ.

ಪೆನ್ಸಿಲ್ಲಿನಲ್ಲಿ ಹಗುರಾಗಿ ಬರೆಯಿರಿ. ಅಳತೆ ಸರಿ ಬರಲಿಲ್ಲ ಅಂತ ಕೊರಗಬೇಡಿ, ಲಕ್ಷ್ಮಣ್ ಅವರಿಗೇ ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೀಟು ಕೊಟ್ಟಿರಲಿಲ್ಲ. ಆಮೇಲೆ ಪೆನ್ನಿನಲ್ಲಿ ತಿದ್ದಿ. ಯಾವ ಪೆನ್ನು ಅನ್ನುವುದು ಇಲ್ಲಿ ಮುಖ್ಯ. ನಾನು ಮೊದಲ ಸಲ ಜೆಲ್ ಪೆನ್ನಿನಲ್ಲಿ ಬರೆದೆ. ಕೆನ್ನೆಗೆ ಒಂದು ಹನಿ ಬಣ್ಣ ಇಟ್ಟೆ ಅಷ್ಟೇ, ಮೀಸೆ ಕರಗಿ ಇಳಿದು ಗಡ್ಡವಾಯಿತು. ಮನೆಯವರು ‘ಇದ್ಯಾರು ಸ್ವಾಮೀಜಿ’ ಅಂದರು. ಸಾದಾ ಬಾಲ್ ಪೆನ್ನಿನ ಇಂಕು ಎಣ್ಣೆ ಬೆರೆತದ್ದು, ನೀರಿಗೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಆದರೂ ಬೇರೆ ಚೂರಿನ ಮೇಲೆ ಒಂದು ಗೆರೆ ಎಳೆದು, ಒಣಗಿಸಿ, ಒದ್ದೆ ಬ್ರಷ್ ಆಡಿಸಿ ನೋಡಿ.

ಕೋಟು

ಬಣ್ಣ ಮುಟ್ಟುವ ಮುಂಚೆ ಪ್ರತಿ ಕೇಕಿನ ಮೇಲೂ ಎರಡು ಹನಿ ನೀರು ಬಿಟ್ಟು ಕಾಫಿ ಕುಡಿದು ಬನ್ನಿ. ಅಗ್ಗದ ಕೇಕಿನಲ್ಲಿ ಬಣ್ಣಕ್ಕಿಂತ ಪುಡಿ ಜಾಸ್ತಿ. ಒಣ ಕೇಕನ್ನು ಉಜ್ಜಿದರೆ ಬ್ರಷ್ ಹಾಳಾಗುತ್ತದೆಯೇ ಹೊರತು ಬಣ್ಣ ಏಳುವುದಿಲ್ಲ. ದಪ್ಪಗೆ ಬಳಿದರೆ ಒಣಗಿದ ಮೇಲೆ ಸುಣ್ಣದ ಗೋಡೆ ಥರ ಕಾಣುತ್ತದೆ. ಹಾಗಾಗಿ ಮೊದಲ ಪದರ ತಿಳಿಸಾರಿನಷ್ಟು ನೀರಾಗಿರಲಿ, ಎರಡನೆಯದು ಹಾಲಿನಷ್ಟು. ಡಬ್ಬಿಯಲ್ಲಿರುವ ಬಿಳಿಯನ್ನು ಮರೆತುಬಿಡಿ. ಕಾಗದವೇ ಬಿಳಿ. ಪಂಚೆಗೆ ಬಣ್ಣ ಬೇಕಿಲ್ಲ, ಮಡಿಕೆಗಳಲ್ಲಿ ತೆಳು ನೀಲಿ ನೆರಳು ಎಳೆದರೆ ಸಾಕು.

ಈಗ ಮೋಜಿನ ಭಾಗ. ಕೋಟಿಗೆ ಪೂರ್ತಿ ತೆಳು ಹಳದಿ ಹಚ್ಚಿ. ಫ್ಯಾನ್ ಕೆಳಗಿಟ್ಟು ಒಣಗಿಸಿ. ಒಣಗಿದೆಯೋ ಇಲ್ಲವೋ ತಿಳಿಯೋಕೆ ಬೆರಳ ಹಿಂಬದಿ ತಾಗಿಸಿ. ತಣ್ಣಗಿದ್ದರೆ ಇನ್ನೂ ಒಳಗೆ ನೀರಿದೆ ಅಂತ ಅರ್ಥ. ಪೂರ್ತಿ ಒಣಗಿದ ಮೇಲೆ ಹುಟ್ಟುಹಬ್ಬದ ಕೇಕಿಗೆ ಚುಚ್ಚುವ ಸಣ್ಣ ಮೇಣದಬತ್ತಿ ತಗೊಂಡು, ಒತ್ತಿ ಅಡ್ಡಗೆರೆ, ಉದ್ದಗೆರೆ ಎಳೆಯಿರಿ. ಏನೂ ಕಾಣುವುದಿಲ್ಲ, ಕಾಗದವನ್ನು ಓರೆ ಮಾಡಿ ಹಿಡಿದರೆ ಮೇಣ ಹೊಳೆಯುತ್ತದೆ. ತಪ್ಪಾದರೆ ಅಳಿಸೋಕೆ ಆಗುವುದಿಲ್ಲ, ನೆನಪಿರಲಿ. ಅದರ ಮೇಲೆ ಹಸಿರು ಹರಿಸಿ. ಮೇಣ ಇದ್ದ ಕಡೆ ಹಸಿರು ಮುತ್ತು ಮುತ್ತಾಗಿ ಸರಿದು ಹೋಗುತ್ತದೆ, ಕೆಳಗಿನ ಹಳದಿ ಚೌಕಳಿಯಾಗಿ ಎದ್ದು ಬರುತ್ತದೆ. ಗೆರೆ ಅಲ್ಲಲ್ಲಿ ತುಂಡಾಗಿದ್ದರೆ ಇನ್ನೂ ಚೆಂದ, ಹಳೇ ಉಣ್ಣೆ ಕೋಟಿನ ಹಾಗೆ. ಸುಮ್ನೆ ಮತ್ತೆ ಮತ್ತೆ ತಿದ್ದೋಕೆ ಹೋಗಬೇಡಿ. ಈ ಬಣ್ಣಗಳು ಒಣಗಿದ ಮೇಲೂ ಒದ್ದೆ ಬ್ರಷ್ ತಾಗಿದರೆ ಎದ್ದು ಬರುತ್ತವೆ.

ಮುಖಕ್ಕೆ ಹಳದಿ, ಚೂರು ಕೆಂಪು, ತುಂಬ ನೀರು. ಮೂಗಿನ ತುದಿಗೆ ಮಾತ್ರ ಇನ್ನೊಂದು ತೊಟ್ಟು ಕೆಂಪು. ಮಳೆಯಲ್ಲಿ ಕೂತವನಿಗೆ ನೆಗಡಿ ಇರಬೇಕು ಅಲ್ವಾ?

ಕಾಗೆ ಮತ್ತು ಗುಂಡಿ

ಲಕ್ಷ್ಮಣ್ ಅವರಿಗೆ ಚಿಕ್ಕಂದಿನಿಂದಲೂ ಕಾಗೆ ಅಂದರೆ ಪ್ರಾಣ. ಅದಕ್ಕೇ ಕಾಗೆಗೆ ಡಬ್ಬಿಯ ಕಪ್ಪು ಬಳಿದು ಅವಮಾನ ಮಾಡಬೇಡಿ, ಅದು ಮಸಿ ಬಟ್ಟೆ ಥರ ಸಪ್ಪೆಯಾಗುತ್ತದೆ. ಕಡು ನೀಲಿಗೆ ಕಂದು ಬೆರೆಸಿ. ಸಿಗುವ ಕಪ್ಪಿನಲ್ಲಿ ಒಂದು ಕಡೆ ನೀಲಿ ಮಿನುಗು, ಇನ್ನೊಂದು ಕಡೆ ಕಂದು. ನಮ್ಮ ಊರುಕಾಗೆಯ ಕತ್ತು ಬೂದು ಬಣ್ಣದ್ದು. ಅಲ್ಲಿ ಅದೇ ಮಿಶ್ರಣಕ್ಕೆ ನೀರು ಜಾಸ್ತಿ ಮಾಡಿದರಾಯಿತು. ಕಣ್ಣಲ್ಲಿ ಸೂಜಿಮೊನೆಯಷ್ಟು ಬಿಳಿ ಬಿಟ್ಟುಬಿಡಿ. ಮರೆತರೆ ವೈಟ್ನರ್ ಪೆನ್ನಿನ ಒಂದು ಚುಕ್ಕೆ.

ಗುಂಡಿಗೆ ಮೊದಲು ಬರೀ ನೀರು ಹಚ್ಚಿ, ಒದ್ದೆ ಇರುವಾಗಲೇ ಕಂದು ಮತ್ತು ನೀಲಿ ತೊಟ್ಟಿಕ್ಕಿಸಿ. ಅವು ತಾವೇ ಹರಡಿಕೊಳ್ಳುತ್ತವೆ. ಹೊಳಪು ಆರುವ ಹೊತ್ತಿಗೆ ನಾಲ್ಕು ಹರಳು ಉಪ್ಪು ಉದುರಿಸಿ. ಉಪ್ಪು ಸುತ್ತಲಿನ ನೀರು ಹೀರಿ, ಮಳೆ ಹನಿ ಬಿದ್ದಂಥ ಗುರುತು ಬಿಡುತ್ತದೆ. ತೆಳು ಕಾಗದದಲ್ಲಿ ಈ ಆಟ ಅಷ್ಟು ಚೆನ್ನಾಗಿ ನಡೆಯುವುದಿಲ್ಲ.

ಮನೆ ಗೋಡೆಗೆ, ಗೆಳೆಯರಿಗೆ ಕೊಡೋಕೆ ಇದು ಸರಿ. ಮಾರೋಕೆ ಹೊರಟರೆ ಮಾತ್ರ ಕಾಪಿರೈಟ್ ಪ್ರಶ್ನೆ ಬರುತ್ತದೆ.

ಪೂರ್ತಿ ಒಣಗಿದ ಮೇಲೆ ಉಪ್ಪು ಉಜ್ಜಿ ತೆಗೆಯಿರಿ. ಟೇಪನ್ನು ಚಿತ್ರದಿಂದ ಹೊರಗಿನ ಕಡೆಗೆ, ಕಾಗದಕ್ಕೆ ತಾಗಿಸಿಕೊಂಡೇ ನಿಧಾನಕ್ಕೆ ಎಳೆಯಿರಿ. ಹಾಳೆ ಹಪ್ಪಳದ ಹಾಗೆ ಸೊಟ್ಟಗಾಗಿದ್ದರೆ ಹಿಂಬದಿಗೆ ಒದ್ದೆ ಬಟ್ಟೆ ಸವರಿ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಮನೆಯ ಅತಿ ದಪ್ಪ ಪುಸ್ತಕ ಹೇರಿ. ಬೆಳಿಗ್ಗೆವರೆಗೆ ಎತ್ತಿ ನೋಡಬೇಡಿ.